ಹತ್ತು ನಿಮಿಷದ ಪಾಳಿ

ಜೂನ್ ೩

ಅಣ್ಣಾ,

ಇವತ್ತು ಸದನದಲ್ಲಿ ನಿನ್ನ ಕಾಲಿನ ಮಾತು ಬಂತು. ನಗಬೇಡ, ಪೂರ್ತಿ ಓದು.

ಅಷ್ಟು ದೊಡ್ಡವರ ನಡುವೆ ಕೂತು ದಿನವಿಡೀ ಏನು ಗೀಚುತ್ತೀಯೇ ಎಂದು ನೀನು ಪ್ರತಿ ಸಲ ಕೇಳುತ್ತೀಯಲ್ಲ, ದಿನವಿಡೀ ಅಲ್ಲ, ಒಂದು ಸಲಕ್ಕೆ ಹತ್ತೇ ನಿಮಿಷ. ಸದನದ ಮಧ್ಯದಲ್ಲೊಂದು ಮೇಜು, ಅದರ ಹಿಂದೆ ನಾನು. ಅವರು ಆಡಿದ್ದನ್ನೆಲ್ಲ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತೇನೆ. ಹತ್ತು ನಿಮಿಷವಾದ ಕೂಡಲೇ ಇನ್ನೊಬ್ಬ ವರದಿಗಾರರು ಬಂದು ಹೆಗಲು ಮುಟ್ಟುತ್ತಾರೆ. ನಾನೆದ್ದು ಹಿಂದಿನ ಕೋಣೆಗೆ ಹೋಗಿ ಬರೆದದ್ದನ್ನು ಟೈಪ್ ಮಾಡುತ್ತೇನೆ. ಮತ್ತೆ ನನ್ನ ಸರದಿ ಬರುವ ಹೊತ್ತಿಗೆ ಮಾತು ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ. ಕುಡಿಯುವ ನೀರಿನ ಜಗಳ ಬಿಟ್ಟು ಎದ್ದವಳು ವಾಪಸ್ ಬಂದರೆ ಸೇತುವೆಯ ಜಗಳ. ಈ ಕೆಲಸಕ್ಕೆ ಸೇರಿದ ಮೇಲೆ ಒಂದು ಜಗಳದ ಕೊನೆಯನ್ನೂ ನಾನು ಕೇಳಿಲ್ಲ. ಮಧ್ಯಾಹ್ನ ಮೇಲಿನ ಗಾಜಿನಿಂದ ಬಿಸಿಲು ಇಳಿದು ಹಸಿರು ಜಮಖಾನದ ಮೇಲೆ ಮಲಗಿರುತ್ತದೆ. ಮಾತುಗಳು ತೇಲಿ ಬರುತ್ತವೆ, ಕೈ ತಾನಾಗಿ ಓಡುತ್ತದೆ. ಎಷ್ಟೋ ಸಲ ನಿದ್ದೆಯಲ್ಲೇ ಬರೆಯುತ್ತಿದ್ದೇನೋ ಅನಿಸುತ್ತದೆ.

ಇವತ್ತು ಮಾತ್ರ ಥಟ್ಟನೆ ಎಚ್ಚರವಾಯಿತು. ಪಿಂಚಣಿಗಳ ಆಡಳಿತ ಸುಧಾರಿಸುವ ಮಸೂದೆ ಬಂದಿದೆ. ನನ್ನ ಪಾಳಿಯ ಕೊನೆಗೆ ಮಂತ್ರಿಗಳು ಎದ್ದು ನಿಂತು ಹೇಳಿದರು: 'ಕಾಲು ಹೋದವರನ್ನ, ಕಣ್ಣು ಹೋದವರನ್ನ ವರ್ಷಾ ವರ್ಷಾ ಕರೆಸಿ ತಪಾಸಣೆ ಮಾಡೋದು ನಮಗೇ ನಾಚಿಕೆಗೇಡು. ಮಸೂದೆ ಪಾಸಾಗೋ ತನಕ ಯಾಕೆ ಕಾಯಬೇಕು? ಈ ವರ್ಷದಿಂದಲೇ ಕರೆಯೋದಿಲ್ಲ. ನಾಳೆಯೇ ಆದೇಶ ಹೊರಡಿಸ್ತೀನಿ.' ಎಲ್ಲರೂ ಮೇಜು ತಟ್ಟಿದರು. ಅಷ್ಟರಲ್ಲಿ ನನ್ನ ಹೆಗಲು ಮುಟ್ಟಿದರು, ಎದ್ದು ಬಂದೆ. ಟೈಪ್ ಮಾಡುವಾಗ ಸಂತೋಷಕ್ಕೆ ಎರಡು ಸಲ ತಪ್ಪು ಅಕ್ಷರ ಒತ್ತಿದೆ.

ಅಣ್ಣಾ, ಇನ್ನು ನೀನು ಆ ಬೆಂಚಿನ ಮೇಲೆ ಕೂತು ಕಾಯಬೇಕಾಗಿಲ್ಲ. ಆದರೆ ನಾನು ಹೇಳಿದೆ ಎಂದು ಯಾರ ಹತ್ತಿರವೂ ಬಾಯಿ ಬಿಡಬೇಡ. ಗ್ಯಾಲರಿಯಲ್ಲಿ ಕೂತವರು ಹೇಳಬಹುದು, ಪತ್ರಿಕೆಯವರು ಬರೆಯಬಹುದು, ನಾವು ವರದಿಗಾರರು ಮಾತ್ರ ಅಚ್ಚಾಗುವ ಮೊದಲು ಒಂದಕ್ಷರ ಹೊರಗೆ ಬಿಡುವಂತಿಲ್ಲ. ಬಿಟ್ಟರೆ ಕೆಲಸ ಹೋಗುತ್ತದೆ.

ನಿನ್ನ ಗಿಣಿ


ಜೂನ್ ೧೭

ಪ್ರೀತಿಯ ಗಿಣಿಗೆ,

ಕೇಳಿದ್ದನ್ನೆಲ್ಲ ಒಪ್ಪಿಸುತ್ತಾಳೆ ಎಂದು ಅಮ್ಮ ನಿನಗೆ ಈ ಹೆಸರಿಟ್ಟಾಗ, ಮುಂದೆ ಅದಕ್ಕೇ ಸಂಬಳ ಕೊಡುವವರು ಇದ್ದಾರೆ ಎಂದು ಯಾರಿಗೆ ಗೊತ್ತಿತ್ತು!

ತಪಾಸಣೆ ಇಲ್ಲವೆಂದು ಓದಿ ಖುಷಿಯಾಯಿತು, ಒಂಚೂರು ಬೇಜಾರೂ ಆಯಿತು. ಅಲ್ಲಿ ನನಗೊಂದು ಗೌರವವಿತ್ತು ಕಣೇ. ಉದ್ದನೆಯ ಬೆಂಚು, ಗೋಡೆಗೆ ಒರಗಿಸಿಟ್ಟ ಊರುಗೋಲುಗಳು. ಒಳಗೆ ಕರೆದು ಪ್ಯಾಂಟು ಮೇಲೆತ್ತಿ ಎನ್ನುತ್ತಾರೆ. ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಇಲ್ಲದ ಕಾಲನ್ನು ಬಹಳ ಶ್ರದ್ಧೆಯಿಂದ ನೋಡುತ್ತಾರೆ. ಹೋದ ವರ್ಷ 'ಏನಾದ್ರೂ ಬದಲಾವಣೆ ಇದೆಯಾ?' ಎಂದು ಕೇಳಿದರು. 'ಮೊನ್ನೆ ಸ್ವಲ್ಪ ಚಿಗುರಿದ ಹಾಗಿತ್ತು ಡಾಕ್ಟ್ರೇ, ಬೆಳಿಗ್ಗೆ ನೋಡಿದ್ರೆ ಏನೂ ಇಲ್ಲ' ಎಂದೆ. ಪುಣ್ಯಾತ್ಮ ಅದನ್ನೂ ಬರೆದುಕೊಂಡರು.

ನಿನ್ನ ಪತ್ರ ಓದಿದ ಮಧ್ಯಾಹ್ನ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕಣ್ಣು ಮುಚ್ಚಿತು. ಈ ಕಿಟಕಿಯಿಂದ ಬೀದಿಯ ಎರಡೂ ಬದಿಯ ಬೋರ್ಡುಗಳು ಕಾಣುತ್ತವೆ. ಔಷಧಿ ಅಂಗಡಿ, ಗಡಿಯಾರ ರಿಪೇರಿ, ಬೀಗದ ಕೈ, ಎಲ್ಲ ನಾನೇ ಬರೆದದ್ದು. ಅವನ್ನೇ ಓದುತ್ತಾ ಓದುತ್ತಾ ನಿದ್ದೆ ಹೋದೆ. ಕನಸಿನಲ್ಲಿ ಒಂದು ಉದ್ದನೆಯ ಬಿಳಿ ಗೋಡೆ. ಅದರ ಮೇಲೆ ಬರೆಯುತ್ತಾ ನಡೆಯುತ್ತಿದ್ದೆ, ಎರಡೂ ಕಾಲಿನಲ್ಲಿ. ಗೋಡೆಯೂ ಮುಗಿಯುತ್ತಿರಲಿಲ್ಲ, ಡಬ್ಬಿಯ ಬಣ್ಣವೂ ಮುಗಿಯುತ್ತಿರಲಿಲ್ಲ. ಇಷ್ಟು ಹೊತ್ತು ಏನು ಬರೆದೆ ಎಂದು ಹಿಂತಿರುಗಿ ನೋಡಿದೆ, ಎಚ್ಚರವಾಗಿಬಿಟ್ಟಿತು.

ತಪಾಸಣೆಗೆ ಹಾಜರಾಗಿ ಎಂಬ ಕಾಗದ ಮೊನ್ನೆ ಬಂತು, ಎಂದಿನ ಹಾಗೆ. ಮೇಲಿನ ಮಾತು ಕೆಳಗೆ ಇಳಿಯುವುದಕ್ಕೆ ಸಮಯ ಹಿಡಿಯುತ್ತದೆ ಎಂದುಕೊಂಡು ಅಲುಗಾಡುವ ಮೇಜಿನ ಕಾಲಿಗೆ ಮಡಚಿ ಕೊಟ್ಟೆ. ಅದಕ್ಕಾದರೂ ಒಂದು ಕಾಲು ಸರಿಹೋಯಿತು. ಕೆಳಗಿನ ದರ್ಜಿಯಮ್ಮ 'ಹೋಗಿ ಬಂದುಬಿಡಿ, ಏನು ಗಂಟು ಹೋಗುತ್ತೆ?' ಎಂದಳು. ಮನೆಯ ಒಡತಿ, ಅವಳ ಮಾತು ತೆಗೆದುಹಾಕುವಂತಿಲ್ಲ. ಆದರೆ ನನಗೆ ಸದನದ ಸುದ್ದಿ ಗೊತ್ತಿದೆಯಲ್ಲ, ಸುಮ್ಮನೆ ನಕ್ಕೆ.

ಅಣ್ಣ


ಜುಲೈ ೯

ಅಣ್ಣಾ,

ಚಿಗುರಿದ ಕಾಲಿನ ಕಥೆಯನ್ನು ಊಟದ ಹೊತ್ತಿನಲ್ಲಿ ನಮ್ಮವರಿಗೆ ಹೇಳಿದೆ, ನಿನ್ನದು ಎನ್ನದೆ. ನಮ್ಮ ಹಿರಿಯ ವರದಿಗಾರರು ಎಂದೂ ನಗದವರು, ಅವರೂ ನಕ್ಕು ನೀರು ನೆತ್ತಿಗೆ ಹತ್ತಿಸಿಕೊಂಡರು.

ಮಸೂದೆಯ ಚರ್ಚೆ ಇನ್ನೂ ನಡೆದಿದೆ. ನನಗೆ ಸಿಕ್ಕುವುದು ಚೂರು ಚೂರು. ಎಲ್ಲ ಪಿಂಚಣಿಗೂ ಒಂದೇ ಕಿಟಕಿ ಸಾಕು ಎಂದರು ಒಬ್ಬರು. ಆ ಕಿಟಕಿಯ ಹಿಂದೆ ಕೂತವನನ್ನು ಊಟಕ್ಕೆ ಬಿಡುತ್ತೀರೋ ಇಲ್ಲವೋ ಎಂದರು ಇನ್ನೊಬ್ಬರು. ಮತ್ತೊಬ್ಬರು ಸುಳ್ಳು ಹೇಳಿ ಪಿಂಚಣಿ ತಿನ್ನುವ ಕಳ್ಳನೊಬ್ಬನ ಕಥೆ ಶುರುಮಾಡಿದರು. ಕಳ್ಳ ಸಿಕ್ಕಿಬೀಳುವ ಮೊದಲೇ ನನ್ನ ಹೆಗಲು ಮುಟ್ಟಿದರು. ಆ ಕಳ್ಳ ಈಗಲೂ ನನ್ನ ತಲೆಯಲ್ಲಿ ಓಡಾಡಿಕೊಂಡಿದ್ದಾನೆ. ನಿಮ್ಮ ಊರಿನಿಂದ ಗೆದ್ದು ಬಂದ ಸದಸ್ಯೆಯೂ ಮಾತನಾಡಿದರು. ಅವರ ದನಿ ಎಷ್ಟು ಮೆತ್ತಗೆಂದರೆ ಬರೆಯಲು ಬಗ್ಗಿ ಕೂರಬೇಕು. ಇಲಾಖೆಯ ಕಾಗದಗಳನ್ನು ಓದಿದವರಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ, ಅಷ್ಟೇ ನನ್ನ ತಿದ್ದುಪಡಿ ಎಂದು ಕೂತುಬಿಟ್ಟರು.

ಹೊರಗೆ ಬಂದರೆ ಬೀದಿಯಲ್ಲಿ ಜನ ಆಡುವ ಮಾತುಗಳೂ ಹಾಗೇ ಕೇಳಿಸುತ್ತವೆ ನನಗೆ, ಮೊದಲಿಲ್ಲದೆ, ಕೊನೆಯಿಲ್ಲದೆ. ಬಸ್ಸಿನಲ್ಲಿ ಒಬ್ಬಳು 'ಹಾಗಾದ್ರೆ ನಾನು ಬರೋದಿಲ್ಲ' ಎಂದು ಇಳಿದು ಹೋದಳು. ಎಲ್ಲಿಗೆ, ಯಾಕೆ, ದೇವರಿಗೇ ಗೊತ್ತು. ಮನೆ ಸೇರುವವರೆಗೂ ಅವಳ ಜೊತೆಗೇ ಹೋಗುತ್ತಿದ್ದೇನೆ ಅನಿಸಿತು.

ನಿನ್ನ ಆದೇಶ ಕೈಸೇರಿರಬೇಕಲ್ಲ? ಬರೆ.

ಗಿಣಿ


ಆಗಸ್ಟ್ ೨೧

ಪ್ರೀತಿಯ ಗಿಣಿಗೆ,

ಬರೆಯುವುದು ತಡವಾಯಿತು. ಕೋಣೆ ಬದಲಾಯಿಸುವ ಗಡಿಬಿಡಿಯಲ್ಲಿದ್ದೆ. ಮೆಟ್ಟಿಲು ಹತ್ತಿ ಇಳಿದು ಸಾಕಾಗಿತ್ತು. ಈಗ ಕೆಳಗೆ, ದರ್ಜಿಯಮ್ಮನ ಅಂಗಡಿಯ ಹಿಂದೆಯೇ ಇದ್ದೇನೆ. ಕಿಟಕಿ ಇಲ್ಲ, ಆದರೆ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬೆಚ್ಚಗೆ ತುಂಬಿರುತ್ತದೆ. ಮಿಷನ್ನಿನ ಸದ್ದು ಕೇಳುತ್ತಾ ಮಲಗಿದರೆ ಎಲ್ಲೋ ದೂರ ಹೋಗುವ ರೈಲಿನಲ್ಲಿ ಮಲಗಿದ ಹಾಗೆ. ಬೆಳಿಗ್ಗೆ ಎದ್ದಾಗ ಯಾವ ಊರು ಬಂತು ಎಂದು ಕೇಳಬೇಕು ಅನಿಸುತ್ತದೆ.

ಕುಂಚಗಳನ್ನೂ ಏಣಿಯನ್ನೂ ಹೊಸ ಪೇಂಟರೊಬ್ಬನಿಗೆ ಕೊಟ್ಟುಬಿಟ್ಟೆ. ಸುಮ್ಮನೆ ಒಣಗುತ್ತಿದ್ದವು. ಈಗ ದರ್ಜಿಯಮ್ಮನ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಬೇರೆ ಡಬ್ಬಿಗೆ ಹಾಕಿಕೊಡುತ್ತೇನೆ. ಕಪ್ಪಿನಲ್ಲೇ ಎಷ್ಟು ಕಪ್ಪು ಇದೆ ಅಂತೀಯ! ಇಷ್ಟು ವರ್ಷ ಬಣ್ಣದ ಕೆಲಸ ಮಾಡಿಯೂ ನನಗೆ ಗೊತ್ತಿರಲಿಲ್ಲ.

ಆದೇಶದ ವಿಷಯ ನೀನು ಕೇಳಿದ್ದೆ. ಇಲಾಖೆಯಿಂದ ಕಾಗದ ಬಂತು. ನಮ್ಮೂರ ಸದಸ್ಯೆ ಕೇಳಿದ್ದು ಆಗಲೇ ಜಾರಿಗೆ ಬಂದ ಹಾಗಿದೆ, ಎಲ್ಲ ಅರ್ಥವಾಗುವ ಹಾಗೇ ಬರೆದಿದ್ದಾರೆ. ಅದರ ಚಿಂತೆ ನಿನಗೆ ಬೇಡ.

ಅಣ್ಣ


ಸೆಪ್ಟೆಂಬರ್ ೪

ಅಣ್ಣಾ,

ಓಹೋ! ಮೇಲಿಂದ ಕೆಳಗೆ ಇಳಿದು ಬಂದದ್ದು ಮೆಟ್ಟಿಲಿನ ಕಾಟಕ್ಕೆ, ಗುಂಡಿ ಆರಿಸುವುದು ಬಣ್ಣದ ಪ್ರೀತಿಗೆ. ನಾನೇನು ಕಿವಿಯಲ್ಲಿ ಹೂ ಇಟ್ಟುಕೊಂಡಿದ್ದೇನಾ? ನಿನ್ನ ಪತ್ರದಲ್ಲಿ ದರ್ಜಿಯಮ್ಮ ಎಷ್ಟು ಸಲ ಬಂದಿದ್ದಾಳೆ ನೀನೇ ನೋಡಿಕೋ. ನನಗೇನೂ ಅಭ್ಯಂತರವಿಲ್ಲಪ್ಪ. ಅತ್ತಿಗೆ ಎನ್ನಿಸಿಕೊಳ್ಳುವವಳು ಹೊಲಿಗೆ ಬಲ್ಲವಳಾದರೆ ನನಗೂ ಒಳ್ಳೆಯದೇ.

ಪಿಂಚಣಿ ಕೂತಲ್ಲಿಗೇ ಬರುತ್ತದೆ, ಏಣಿ ಹತ್ತುವ ಹಂಗಿಲ್ಲ, ಪಕ್ಕದಲ್ಲಿ ಮಾತಿಗೆ ಜನ. ನಿನ್ನನ್ನು ನೆನೆದರೆ ಈಗ ಮನಸ್ಸು ಹಗುರವಾಗುತ್ತದೆ. ಮಧ್ಯಾಹ್ನ ಬರೆಯುತ್ತಾ ಕೂತಾಗ ಅವರ ಮಾತಿನ ಅಡಿಯಲ್ಲಿ ನಿನ್ನ ಹೊಲಿಗೆ ಮಿಷನ್ನಿನ ಸದ್ದು ಕೇಳಿಸಿದ ಹಾಗಾಗುತ್ತದೆ.

ಬೇಗ ಬರೆ. ನಾಚಿಕೆ ಬೇಡ.

ಗಿಣಿ


ಅಕ್ಟೋಬರ್ ೧೧

ಅಣ್ಣಾ,

ಒಂದು ತಿಂಗಳಾಯಿತು ನಿನ್ನ ಪತ್ರವಿಲ್ಲ. ನನ್ನ ತಮಾಷೆ ಅತಿಯಾಯಿತೇನೋ, ಮುನಿಸಿಕೊಂಡಿದ್ದೀಯ ಎಂದುಕೊಂಡಿದ್ದೆ. ಈಗ ಎಲ್ಲ ಗೊತ್ತಾಗಿದೆ. ನಿನ್ನಿಂದಲ್ಲ, ಸದನದಿಂದ.

ನಿನ್ನೆ ನಾನು ಮೇಜಿಗೆ ಕೂತಾಗ ನಿಮ್ಮ ಊರಿನ ಸದಸ್ಯೆ ಎದ್ದು ನಿಂತಿದ್ದರು. ಅದೇ ಬಿಸಿಲು, ಅದೇ ಮೆತ್ತನೆಯ ದನಿ, ಕೈ ಎಂದಿನಂತೆ ಓಡುತ್ತಿತ್ತು. 'ನಮ್ಮೂರಲ್ಲಿ ಬೋರ್ಡ್ ಬರೆಯೋರು ಒಬ್ಬರಿದ್ದಾರೆ' ಎಂದರು. ಬರೆದುಕೊಂಡೆ. 'ಏಣಿಯಿಂದ ಬಿದ್ದು ಕಾಲು ಕಳಕೊಂಡೋರು.' ಬರೆದುಕೊಂಡೆ. 'ಈ ವರ್ಷ ತಪಾಸಣೆಗೆ ಹೋಗಲಿಲ್ಲ ಅಂತ ಅವರ ಪಿಂಚಣಿ ನಿಲ್ಲಿಸಿದ್ದಾರೆ. ಬಾಡಿಗೆ ಕೊಡೋಕಾಗದೆ ಕೋಣೆ ಬಿಟ್ಟು, ಒಂದು ಅಂಗಡಿ ಹಿಂದೆ ಬಟ್ಟೆ ಗಂಟುಗಳ ಮಧ್ಯೆ ಮಲಗ್ತಾರೆ. ಕುಂಚ, ಏಣಿ ಎಲ್ಲ ಮಾರಿಕೊಂಡಿದ್ದಾರೆ. ಯಾಕೆ ಹೋಗಲಿಲ್ಲ ಅಂದೆ. ಇನ್ನು ಕರೆಯೋದಿಲ್ಲ ಅಂತ ಯಾರೋ ಹೇಳಿದ್ರಂತೆ. ಸರ್ಕಾರಿ ನೌಕರರು ಹೇಳಿದ್ದಾದ್ರೆ ಅಪೀಲಲ್ಲಿ ನಿಲ್ಲುತ್ತೆ, ಇಲ್ಲದಿದ್ರೆ ಹೊಸ ಅರ್ಜಿ ಹಾಕಿ ಒಂದು ವರ್ಷ ಕಾಯಬೇಕು, ಯಾರು ಅಂತ ಹೇಳಿ ಅಂದೆ. ಅವರು ಏನಂದ್ರು ಗೊತ್ತಾ? ಕನಸಲ್ಲಿ ಕೇಳಿದೆ ಅಂದ್ರು.'

ಸದನವೆಲ್ಲ ನಕ್ಕಿತು. ಸಭಾಧ್ಯಕ್ಷರೂ ನಕ್ಕರು. ಸದನ ನಕ್ಕಾಗ ನಾವು ಕಂಸದೊಳಗೆ 'ನಗು' ಎಂದು ಬರೆಯಬೇಕು. ಅದು ನಿಯಮ. ಬರೆದೆ ಅಣ್ಣ. ನನ್ನ ಕೈಯಾರೆ ಬರೆದೆ.

ಪಾಳಿ ಮುಗಿದ ಮೇಲೆ ಕಪಾಟು ತೆಗೆದು ಜೂನ್ ತಿಂಗಳ ಹಾಳೆಗಳನ್ನು ಹುಡುಕಿದೆ. ನನ್ನ ಹಾಳೆ ಮೇಜು ತಟ್ಟುವಲ್ಲಿಗೆ ಮುಗಿದಿತ್ತು. ನನ್ನ ನಂತರ ಕೂತವರ ಹಾಳೆಯಲ್ಲಿ ಹಣಕಾಸಿನ ಮಂತ್ರಿಗಳು ಏನೋ ಕಿವಿಯಲ್ಲಿ ಹೇಳಿದ್ದಾರೆ, ಪಿಂಚಣಿಯ ಮಂತ್ರಿಗಳು ಮತ್ತೆ ಎದ್ದು ತಮ್ಮ ಮಾತು ವಾಪಸ್ ತೆಗೆದುಕೊಂಡಿದ್ದಾರೆ. 'ಪರಿಶೀಲಿಸುತ್ತೇನೆ' ಅಂತ ಅಷ್ಟೇ. ಮರುದಿನದ ಪತ್ರಿಕೆಗಳ ತುಂಬ ಬೇರೆ ಯಾವುದೋ ಸಭಾತ್ಯಾಗದ ಸುದ್ದಿಯಿತ್ತು, ಇದು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಹಿಂದಿನ ಕೋಣೆಯಲ್ಲಿ ಸಂತೋಷದಿಂದ ಟೈಪ್ ಮಾಡುತ್ತಿದ್ದೆ. ಒಂದು ಬಾಗಿಲು ಅಡ್ಡ, ಅಷ್ಟೇ.

ನೀನು ಹಸಿದಿದ್ದೆ, ನಾನು ಅತ್ತಿಗೆಯ ತಮಾಷೆ ಬರೆದೆ. ಯಾಕೆ ಹೇಳಲಿಲ್ಲ? ನಾಳೆಯೇ ಹೋಗಿ ಹಿರಿಯರ ಮುಂದೆ ಎಲ್ಲ ಹೇಳಿಬಿಡುತ್ತೇನೆ.

ಗಿಣಿ


ಅಕ್ಟೋಬರ್ ೧೮

ಗಿಣೀ,

ಹುಚ್ಚಿಯ ಹಾಗೆ ಆಡಬೇಡ. ಈ ಪತ್ರ ಸಿಕ್ಕುವ ತನಕ ಬಾಯಿ ಬಿಟ್ಟಿರದಿದ್ದರೆ ಮುಂದೆಯೂ ಬಿಡಬೇಡ. ಬಿಟ್ಟರೆ ನಾನು ನಿನ್ನ ಅಣ್ಣನೇ ಅಲ್ಲ.

ಹೇಳಿದ್ದರೆ ನೀನು ಆ ದಿನವೇ ಓಡಿಹೋಗಿ ಒಪ್ಪಿಕೊಳ್ಳುತ್ತಿದ್ದೆ, ಅದಕ್ಕೇ ಹೇಳಲಿಲ್ಲ. ಈ ದರ್ಜಿಯಮ್ಮ ಇದ್ದಾಳಲ್ಲ, ಆ ಸದಸ್ಯೆಗೆ ರವಿಕೆ ಹೊಲಿಯುವವಳು ಇವಳೇ. ಅಳತೆ ತೆಗೆಯುತ್ತಾ ನನ್ನ ಕಥೆಯನ್ನೆಲ್ಲ ಊದಿಬಿಟ್ಟಿದ್ದಾಳೆ. ಆ ತಾಯಿ ನೇರ ಬಂದು ನನ್ನ ಬಟ್ಟೆ ಗಂಟಿನ ಮೇಲೇ ಕೂತು ಯಾರು ಹೇಳಿದ್ದು ಎಂದು ಕೇಳಿದರು. ನನಗೆ ಬೇರೇನೂ ಹೊಳೆಯಲಿಲ್ಲ, ಕನಸು ಎಂದೆ. ನಕ್ಕರೆ ನಗಲಿ ಬಿಡು. ನಾನು ಬರೆದ ಬೋರ್ಡ್ ನೋಡಿ ನಗುವವರೂ ಇದ್ದರು.

ಒಂದು ವರ್ಷ ತಾನೇ, ಕಳೆಯುತ್ತದೆ. ಮೂರು ಹೊತ್ತು ಅಲ್ಲದಿದ್ದರೂ ಎರಡು ಹೊತ್ತು ಊಟವಿದೆ. ನಿನ್ನ ಕೆಲಸ ಹೋದರೆ ಮತ್ತೆ ಬರುವುದಿಲ್ಲ. ಅಷ್ಟು ಓದಿಸಿದ್ದು ನೀನು ಆ ಮೇಜಿನ ಹಿಂದೆ ಕೂರಲಿ ಎಂದೇ. ಅಲ್ಲಿ ನೀನು ಕೂತಿದ್ದೀಯ ಎಂದು ನೆನೆದರೆ ನನಗೆ ಕಿಟಕಿಯ ನೆನಪೂ ಆಗುವುದಿಲ್ಲ.

ಅಣ್ಣ


ನವೆಂಬರ್ ೬

ಅಣ್ಣಾ,

ನಿನ್ನ ಪತ್ರ ಸಿಕ್ಕಿತು. ಬೈಗುಳವನ್ನು ತಲೆಯ ಮೇಲೆ ಹೊತ್ತುಕೊಂಡು ಹೇಳುತ್ತಿದ್ದೇನೆ, ನಿನ್ನ ಮಾತು ಕೇಳಲಿಲ್ಲ. ಎಲ್ಲವನ್ನೂ ಬರೆದು ಸಹಿ ಮಾಡಿ ಹಿರಿಯರ ಕೈಗೆ ಕೊಟ್ಟೆ. ನಿಮ್ಮ ಸದಸ್ಯೆಗೂ ಒಂದು ಪ್ರತಿ ಕೊಟ್ಟೆ; ಅವರೇ ನಿನ್ನ ಪರವಾಗಿ ಅಪೀಲು ಹಾಕಿಸಿದ್ದಾರೆ, ಅದನ್ನು ಕೇಳುವ ಅಧಿಕಾರಿಗೂ ಒಂದು ಪ್ರತಿ ಹೋಗಿದೆ. ಹಿರಿಯರು ಓದಿ ಬಹಳ ಹೊತ್ತು ಕನ್ನಡಕ ಒರೆಸಿದರು. 'ಇದನ್ನ ನೋಡದ ಹಾಗೆ ಇರೋಕಾಗಲ್ಲಮ್ಮ' ಎಂದರು. ನನ್ನನ್ನು ಮೇಜಿನಿಂದ ದೂರ ಇಟ್ಟಿದ್ದಾರೆ. ಮುಂದಿನ ತಿಂಗಳು ವಿಚಾರಣೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹೆದರಿಕೆಯಿದೆ, ಇಲ್ಲವೆಂದು ಸುಳ್ಳು ಹೇಳುವುದಿಲ್ಲ.

ಮಸೂದೆಯನ್ನು ಮತಕ್ಕೆ ಹಾಕುವ ದಿನ ಚೀಟಿ ಪಡೆದು ಗ್ಯಾಲರಿಗೆ ಹೋದೆ, ಎಲ್ಲರಂತೆ. ಮೇಲಿನಿಂದ ಸದನ ನೀರಿನ ಅಡಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ಎಲ್ಲ ನಿಧಾನ, ಎಲ್ಲರೂ ಚಿಕ್ಕವರು. ನನ್ನ ಕುರ್ಚಿಯಲ್ಲಿ ಯಾರೋ ಬಗ್ಗಿ ಬರೆಯುತ್ತಿದ್ದರು. ನಾನೇ ನಿದ್ದೆ ಮಾಡುವುದನ್ನು ಮೇಲೆ ನಿಂತು ನೋಡಿದ ಹಾಗಾಯಿತು. ಹತ್ತು ನಿಮಿಷವಾದಾಗಲೆಲ್ಲ ನನಗೆ ತಿಳಿಯದೆ ಏಳಲು ಹೋಗುತ್ತಿದ್ದೆ. ಯಾರೂ ಹೆಗಲು ಮುಟ್ಟಲಿಲ್ಲ, ಮತ್ತೆ ಕೂರುತ್ತಿದ್ದೆ.

ನಿಮ್ಮ ಸದಸ್ಯೆ ಎದ್ದು, 'ಹೋದ ಸಲ ನಾನು ಹೇಳಿದ ಕನಸು ಎಲ್ಲಿಂದ ಬಂತು ಅಂತ ಗೊತ್ತಾಯ್ತು. ಮಂತ್ರಿಗಳ ಬಾಯಿಂದಲೇ ಬಂದದ್ದು. ಕೇಳಿಸಿಕೊಂಡೋರು ಅದನ್ನ ನಂಬಿದ್ರು, ಅಷ್ಟೇ ಅವರ ತಪ್ಪು' ಎಂದರು. ಈ ಸಲ ಯಾರೂ ನಗಲಿಲ್ಲ. ಮಂತ್ರಿಗಳು ತಲೆ ತಗ್ಗಿಸಿ, ಕಾಗದಗಳ ಭಾಷೆಯ ಬಗ್ಗೆ ಅವರು ತಂದಿದ್ದ ತಿದ್ದುಪಡಿ ಒಪ್ಪಿಕೊಂಡರು. ಕೈಗಳು ಮೇಲೆದ್ದವು. ಮಸೂದೆ ಪಾಸಾಯಿತು. ಕೊನೆಯ ಸದಸ್ಯರು ಹೊರಗೆ ಹೋಗಿ, ದೀಪ ಆರಿಸುವವರು ಬಂದು ಏಳಿ ಎನ್ನುವ ತನಕ ನಾನು ಕೂತೇ ಇದ್ದೆ.

ಆದ್ದರಿಂದ ಈಗ ಹೇಳುವುದನ್ನು ನಂಬು. ಕಾಲು ಹೋದವರನ್ನು ಇನ್ನು ವರ್ಷವರ್ಷ ಕರೆಯುವುದಿಲ್ಲ. ಆದರೆ ಅದು ಜನವರಿಯಿಂದ. ಅಲ್ಲಿಯವರೆಗೆ ಯಾವ ಕಾಗದ ಬಂದರೂ ಹೋಗು, ಎಲ್ಲಿಗೆ ಕರೆದರೂ ಹೋಗು. ಅಪೀಲಿಗೆ ಖಂಡಿತ ಹೋಗು.

ನನ್ನ ಮೇಲೆ ಕೋಪವಿದ್ದರೆ ಹೋಗಿ ಬಂದ ಮೇಲೆ ಬೈ.

ಗಿಣಿ


ನವೆಂಬರ್ ೨೯

ಪ್ರೀತಿಯ ಗಿಣಿಗೆ,

ಬೈಯುವುದಕ್ಕೆಂದೇ ಕೂತೆ. ಆಗುತ್ತಿಲ್ಲ. ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಅಪೀಲಿನ ಕೋಣೆ ಚಿಕ್ಕದು. ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೆ ವಕ್ರವಾಗಿ ಬರೆದ 'ಮೌನ'. ಅಧಿಕಾರಿ ನಮ್ಮ ಅಮ್ಮನ ವಯಸ್ಸಿನ ಹೆಂಗಸು, ಸಣ್ಣಗೆ ಕೆಮ್ಮುತ್ತಿದ್ದರು. ನಿನ್ನ ಹೆಸರಿದ್ದ ಕಾಗದವನ್ನು ನನ್ನ ಕಡೆ ತಿರುಗಿಸಿ, 'ಇವರು ನಿಮಗೆ ಏನಾಗಬೇಕು?' ಎಂದು ಕೇಳಿದರು.

'ಏನೂ ಆಗಬೇಕಿಲ್ಲ. ಯಾರು ಅಂತಲೇ ಗೊತ್ತಿಲ್ಲ' ಎಂದೆ. ಗಟ್ಟಿಯಾಗಿಯೇ ಹೇಳಿದೆ. ನಾನು ಇಲ್ಲ ಎಂದರೆ ನಿನ್ನ ಹೇಳಿಕೆ ಬಿದ್ದುಹೋಗುತ್ತದೆ, ನಿನ್ನ ಕೆಲಸ ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ.

ಅವರು ಕಾಗದ ತಮ್ಮ ಕಡೆ ತಿರುಗಿಸಿಕೊಂಡು ನಿನ್ನ ಕೊನೆಯ ಸಾಲುಗಳನ್ನು ನಿಧಾನವಾಗಿ ಓದಿದರು. 'ಆತ ನಿಮ್ಮೆದುರು ನನ್ನನ್ನು ಗೊತ್ತೇ ಇಲ್ಲ ಎನ್ನಬಹುದು. ಉಳಿದದ್ದೆಲ್ಲ ನಂಬಿ, ಅದೊಂದನ್ನು ದಯವಿಟ್ಟು ನಂಬಬೇಡಿ. ಚಿಕ್ಕಂದಿನಿಂದಲೂ ನಾನು ಒಡೆದದ್ದಕ್ಕೆಲ್ಲ ಏಟು ತಿಂದವನು ಅವನೇ.'

ನಾನು ಅತ್ತುಬಿಟ್ಟೆ ಗಿಣಿ. ಕಾಲು ಹೋದಾಗಲೂ ಪರರ ಮುಂದೆ ಅತ್ತವನಲ್ಲ. ಆ ಹೆಂಗಸು ಕಿಟಕಿಯ ಕಡೆ ನೋಡುತ್ತಾ ಕೂತರು. ನಾನು ಮುಖ ಒರೆಸಿಕೊಂಡ ಮೇಲೆ, ಮೊದಲ ಸಲ ಕೇಳುತ್ತಿರುವವರ ಹಾಗೆ, 'ಈಗ ಹೇಳಿ. ಇವರು ನಿಮಗೆ ಏನಾಗಬೇಕು?' ಎಂದರು.

'ತಂಗಿ' ಎಂದೆ. ಅವರು ಅದನ್ನು ಬರೆದುಕೊಂಡರು.

ಪಿಂಚಣಿ ಮತ್ತೆ ಕೊಡುತ್ತಾರೆ, ನಿಂತಿದ್ದ ತಿಂಗಳುಗಳದ್ದೂ ಸೇರಿಸಿ. ಮೇಲಿನ ಕೋಣೆಯನ್ನು ದರ್ಜಿಯಮ್ಮ ಯಾರಿಗೂ ಕೊಟ್ಟೇ ಇರಲಿಲ್ಲವಂತೆ. ಕೇಳಿದವರಿಗೆಲ್ಲ ಸೋರುತ್ತದೆ ಎಂದು ಸುಳ್ಳು ಹೇಳಿ ಕಳಿಸಿದ್ದಾಳೆ. ಅವಳ ವಿಷಯ ನೀನು ಬರೆದದ್ದು ಪೂರ್ತಿ ತಪ್ಪೇನೂ ಅಲ್ಲ. ಅದನ್ನು ಎದುರಿಗೆ ಬಂದು ಹೇಳುತ್ತೇನೆ.

ಹೌದು, ಬರುತ್ತಿದ್ದೇನೆ. ನಿನ್ನ ವಿಚಾರಣೆಯ ದಿನ ಬಾಗಿಲ ಹೊರಗೆ ಬೆಂಚು ಇದ್ದೇ ಇರುತ್ತದೆ, ಬೆಂಚಿನ ಮೇಲೆ ಕಾಯುವುದು ನನಗೆ ಹೊಸದಲ್ಲ. ಒಳಗೆ ಏನಾದರೂ ಆಗಲಿ, ನೀನು ಹೊರಗೆ ಬಂದಾಗ ನಾನು ಅಲ್ಲಿರುತ್ತೇನೆ. ಒಂದು ಮಾತು. ಹೊರಗೆ ಕೂತಿರುವ ಆ ಕುಂಟ ನಿನಗೆ ಏನಾಗಬೇಕು ಎಂದು ಅವರು ಕೇಳಿದರೆ, ನನ್ನ ಹಾಗೆ ಸುಳ್ಳು ಹೇಳಬೇಡ.

ಅಣ್ಣ